ಬಾಲದ ತುದಿಗೆ ಒಂದು ಹನಿ

ಕಡಲತೀರದ ಲಾಡ್ಜೊಂದರ ಬಚ್ಚಲುಮನೆಗೆ ಮಾಲೀಕ ಕಂದು ಬಣ್ಣ ಹೊಡೆಸಿದ. ಅಂದಿನಿಂದ ಅಲ್ಲಿದ್ದ ಬಿಳಿಚು ಹಲ್ಲಿಗೆ ನೆಮ್ಮದಿಯಿಲ್ಲ. ಕಿಟಕಿಯಲ್ಲಿ ಕೂರುವ ಬೆಕ್ಕಿನ ಕಣ್ಣಿಗೆ ತಾನು ಎದ್ದು ಕಾಣುತ್ತೇನೆಂಬ ಭಯ.

ಬಿಸಿಲಿನ ಊರಿಗೆ ಬಂದೂ ಬಿಸಿಲಿಗೆ ಹೋಗದೆ ಲೋಷನ್ ಹಚ್ಚಿಯೇ ಮೈ ಕಂದಾಗಿಸಿಕೊಳ್ಳುತ್ತಿದ್ದ ಪ್ರವಾಸಿಯೊಬ್ಬಳು ಅದರ ಬಾಟಲಿಯನ್ನು ಅಲ್ಲೇ ಮರೆತು ಹೋದಳು. ಹಲ್ಲಿ ಅದರತ್ತ ಓಡಿತು.

"ತಾಳೇ," ಎಂದಿತು ಟ್ಯೂಬ್‌ಲೈಟಿನ ಹಿಂದೆ ವಾಸವಿದ್ದ ಮುದಿ ಹಲ್ಲಿ. "ಅದರಲ್ಲಿ ಏನೇನು ಬೆರೆಸಿದ್ದಾರೋ. ಬಾಲದ ತುದಿಗೆ ಒಂದು ಹನಿ ಹಚ್ಚಿ ಎರಡು ದಿನ ನೋಡು."

"ಅಷ್ಟರಲ್ಲಿ ಬೆಕ್ಕು ನನ್ನನ್ನು ನೋಡಿರುತ್ತದೆ, ದೊಡ್ಡಮ್ಮ. ಹಚ್ಚಿಕೊಂಡ ಆ ಹೆಂಗಸು ಚೆನ್ನಾಗಿಯೇ ಇದ್ದಳಲ್ಲ."

"ಅವಳ ಚರ್ಮ ಅವಳದು."

ಹಲ್ಲಿ ಕೇಳಲಿಲ್ಲ, ಮೂತಿಯಿಂದ ಬಾಲದವರೆಗೂ ಬಳಿದುಕೊಂಡಿತು. ಮರುದಿನ ಮೈ ಗೋಡೆಯದೇ ಬಣ್ಣಕ್ಕೆ ಬಂತು. ಬೆಕ್ಕು ಗೋಡೆಯುದ್ದಕ್ಕೂ ಕಣ್ಣಾಡಿಸಿ, ಏನೂ ಕಾಣದೆ ಆಕಳಿಸಿತು.

ಆಗಲೇ ತುರಿಕೆ ಶುರುವಾಯಿತು. ಮೈಯೆಲ್ಲ ಉರಿದು ದದ್ದುಗಳೆದ್ದವು.

"ಅಲುಗಬೇಡ," ಎಂದು ಮುದಿ ಹಲ್ಲಿ ಪಿಸುಗುಟ್ಟಿತು.

ಹಲ್ಲಿ ತಡೆದುಕೊಂಡಿತು, ಇನ್ನಷ್ಟು ತಡೆದುಕೊಂಡಿತು, ಕೊನೆಗೆ ತಾಳಲಾರದೆ ಪಕ್ಕೆಯನ್ನು ನಲ್ಲಿಯ ಕೊಳವೆಗೆ ಉಜ್ಜಿತು. ಬೆಕ್ಕು ನೆಗೆಯಿತು.

ಬಾಲವನ್ನು ಕಳಚಿ ಬೆಕ್ಕಿನ ಪಂಜದಡಿ ಬಿಟ್ಟು, ಹಲ್ಲಿ ಟ್ಯೂಬ್‌ಲೈಟಿನ ಹಿಂದೆ ಸೇರಿಕೊಂಡಿತು.

"ನಾನು ಕೇಳಿದ್ದು ಬಾಲದ ತುದಿ ಮಾತ್ರ," ಎಂದಿತು ಮುದಿ ಹಲ್ಲಿ.

ಹಲ್ಲಿಗೆ ಕಳಚಲು ಇನ್ನು ಬಾಲವಿರಲಿಲ್ಲ. ಬೆಕ್ಕು ಮತ್ತೆ ಕಿಟಕಿಯಲ್ಲಿ ಕೂತಿತ್ತು, ತುರಿಕೆ ಕುತ್ತಿಗೆಗೆ ಏರುತ್ತಿತ್ತು.