ಆಮೆ ಶಾಂತಮ್ಮ ಕರಡಿ ಮರಿಯನ್ನು ನೋಡಿಕೊಂಡದ್ದು

ಮಕ್ಕಳೇ, ಬಂಡೆಗಳೇ ತುಂಬಿದ ಒಂದು ಗುಡ್ಡವಿತ್ತು. ಗುಡ್ಡದ ಬುಡದಲ್ಲಿ ಕೊಳ, ಕೊಳದ ದಡದಲ್ಲಿ ಆಲದ ಮರ, ಮರದ ನೆರಳಿನಲ್ಲಿ ಒಂದು ಚಪ್ಪಟೆ ಕಲ್ಲು. ಆ ಕಲ್ಲಿನ ಮೇಲೆ ದಿನಾ ಬೆಳಿಗ್ಗೆ ಆಮೆ ಶಾಂತಮ್ಮ ಕೂರುತ್ತಿದ್ದಳು. ಕೂತು ಏನು ಮಾಡುತ್ತಿದ್ದಳು ಅಂತ ಕೇಳುತ್ತೀರಾ? ಬುದ್ಧಿ ಹೇಳುತ್ತಿದ್ದಳು. ಯಾರೇ ನೀರಿಗೆ ಬರಲಿ, ಒಂದು ಗುಟುಕು ನೀರಿಗೆ ಒಂದು ಬುದ್ಧಿಮಾತು ಪುಕ್ಕಟೆ.

ಅದರಲ್ಲೂ ಮಕ್ಕಳನ್ನು ಸಾಕುವ ವಿಷಯ ಬಂದರೆ ಅವಳನ್ನು ಮೀರಿಸುವವರೇ ಇರಲಿಲ್ಲ.

"ಒಂದು ಕುಳಿ ತುಂಬ ಮಕ್ಕಳನ್ನು ಹೆತ್ತವಳು ನಾನು," ಎನ್ನುತ್ತಿದ್ದಳು. "ಒಂದಾದರೂ ರಾತ್ರಿ ಅತ್ತು ನನ್ನನ್ನು ಎಬ್ಬಿಸಿದ್ದಿಲ್ಲ. ಊಟಕ್ಕೆ ಹಟ ಮಾಡಿದ್ದಿಲ್ಲ. ಎದುರು ಮಾತಾಡಿದ್ದಿಲ್ಲ. ಎಲ್ಲಾ ಶಿಸ್ತು."

ಮಾತು ನಿಜವೇ. ಆಮೆಗಳ ಪದ್ಧತಿ ನಿಮಗೆ ಗೊತ್ತಲ್ಲ. ಮರಳಲ್ಲಿ ಕುಳಿ ತೋಡಿ, ಮೊಟ್ಟೆಯಿಟ್ಟು, ಮೇಲೆ ಮರಳು ಎಳೆದು, ತಿರುಗಿ ನೋಡದೆ ನೀರಿಗಿಳಿದುಬಿಡುವುದು. ತಾಯಿ ಆಮೆ ದೂರದಿಂದ ನೆನೆದರೂ ಸಾಕು, ಮೊಟ್ಟೆ ತಾನಾಗಿ ಮರಿಯಾಗುತ್ತದೆ ಅಂತ ಹಿರಿಯರು ಹೇಳುತ್ತಾರೆ. ಶಾಂತಮ್ಮ ಆ ನೆನೆಯುವ ಕಷ್ಟವನ್ನಾದರೂ ಪಟ್ಟಿದ್ದಳೋ ಇಲ್ಲವೋ. ಕುಳಿ ಎಲ್ಲಿ ತೋಡಿದ್ದೆ ಅನ್ನುವುದೇ ಅವಳಿಗೆ ಮರೆತುಹೋಗಿತ್ತು. ಹೀಗೆ ಸಾಕಿದ ಮಕ್ಕಳು ರಾತ್ರಿ ಎಬ್ಬಿಸುವುದಾದರೂ ಹೇಗೆ?

ಆದರೆ ಕೇಳುವವರಿಗೆ ಇದು ಹೊಳೆಯುತ್ತಿರಲಿಲ್ಲ. ಮಗು ಸಾಕುವವರಿಗೆ ನಿದ್ದೆ ಇರುವುದಿಲ್ಲ ನೋಡಿ. ನಿದ್ದೆಗೆಟ್ಟ ತಲೆಗೆ ಯಾರು ಏನು ಹೇಳಿದರೂ ವೇದವಾಕ್ಯ.

ಒಂದು ಬೆಳಿಗ್ಗೆ ಕರಡಿ ಭರಮವ್ವ ನೀರಿಗೆ ಬಂದಳು. ಬೆನ್ನ ಮೇಲೆ ಮಗ ಜಂಬು. ಕರಡಿ ಮರಿಗಳಿಗೆ ತಾಯಿಯ ಬೆನ್ನೇ ಮನೆ. ಊಟ ಅಲ್ಲೇ, ನಿದ್ದೆ ಅಲ್ಲೇ, ಉಳಿದದ್ದೂ ಅಲ್ಲೇ.

ಜಂಬುವಿಗೆ ಚೆನ್ನಾಗಿ ಬರುತ್ತಿದ್ದ ಮಾತು ಎರಡೇ. ಒಂದು "ಯಾಕೆ?", ಇನ್ನೊಂದು "ನಂದು". ಕಲ್ಲು ಕಂಡರೆ ನಂದು, ಕಪ್ಪೆ ಕಂಡರೆ ನಂದು, ಆಕಾಶದಲ್ಲಿ ಚಂದ್ರ ಕಂಡರೆ ಅದೂ ನಂದು. ಅವ್ವ ಹುತ್ತ ಬಗೆದು, ಗೆದ್ದಲು ತಿನ್ನಲು ಮೂತಿ ಚಾಚಿದಳೋ, ಸರಿಯಾಗಿ ಆ ತೂತಿನ ಮೇಲೆ ಕುಂಡೆ ಊರಿ ಕೂರುತ್ತಿದ್ದ. ಭರಮವ್ವ ಹೊಟ್ಟೆ ತುಂಬ ಉಂಡು ಎಷ್ಟು ಕಾಲವಾಗಿತ್ತೋ. ಆದರೂ ಅವನು ಗೆದ್ದಲಿನಿಂದ ಕಚ್ಚಿಸಿಕೊಂಡು, ಕುಂಡೆ ಹಿಡಿದುಕೊಂಡು ಓಡುವಾಗ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇದಂತೂ ಹೆಗ್ಗಣಕ್ಕಿಂತ ದೊಡ್ಡದು.

"ಭರಮವ್ವ, ಮುದ್ದು ಮಾಡಿ ಮಾಡಿ ಮಗೂನ ಕೆಡಿಸಿಟ್ಟಿದ್ದೀಯ," ಎಂದಳು ಶಾಂತಮ್ಮ. "ಬೆನ್ನ ಮೇಲೆ ಯಾಕೆ ಹೊರಬೇಕು? ಅವನಿಗೆ ಕಾಲಿಲ್ಲವಾ? ಯಾಕೆ ಯಾಕೆ ಅಂತ ಕೇಳಿದರೆ ನೀನು ಯಾಕೆ ಉತ್ತರ ಕೊಡ್ತೀಯ?"

"ಅಳ್ತಾನಲ್ಲ ಶಾಂತಕ್ಕ."

"ಅಳಲಿ ಬಿಡು. ಅತ್ತ ಕೂಡಲೇ ಓಡಬಾರದು. ಕಿವಿ ಮುಚ್ಚಿಕೊಂಡು ಕೂರು, ತಾನೇ ಸುಮ್ಮನಾಗ್ತಾನೆ. ನಾನಂತೂ ತಲೆ ಒಳಗೆಳೆದುಕೊಂಡುಬಿಡ್ತೀನಿ."

ಕೊಂಬೆಯ ಮೇಲಿದ್ದ ಮಂಗ ಮುಸುವಮ್ಮ, ಪೊದೆಯ ಹತ್ತಿರ ನಿಂತಿದ್ದ ಹಕ್ಕಿ ಕೌಜುಗಮ್ಮ ಇಬ್ಬರೂ ತಲೆದೂಗಿದರು. ಇಬ್ಬರ ಕಣ್ಣೂ ನಿದ್ದೆಯಿಲ್ಲದೆ ಕೆಂಪಾಗಿತ್ತು.

ಭರಮವ್ವನಿಗೆ ಒಂದು ಯೋಚನೆ ಬಂತು. "ಹಾಗಾದರೆ ಶಾಂತಕ್ಕ, ಒಂದು ಉಪಕಾರ ಮಾಡು. ಗುಡ್ಡದ ಆಚೆ ಇಪ್ಪೆ ಹೂ ಉದುರಿದೆಯಂತೆ. ಹೋಗಿ ಒಂದು ಹೊಟ್ಟೆ ತಿಂದು, ಒಂದು ಕಣ್ಣು ನಿದ್ದೆ ಮಾಡಿ ಬರ್ತೀನಿ. ಅಲ್ಲೀತನಕ ಇವನನ್ನ ನೋಡ್ಕೋ. ನಿನ್ನ ಶಿಸ್ತು ಇವನಿಗೂ ಸ್ವಲ್ಪ ಬರಲಿ."

ಶಾಂತಮ್ಮ ಜಂಬುವಿನ ಕಡೆ ನೋಡಿದಳು. ಮಗು ಅನ್ನುವುದನ್ನು ಅವಳು ಇಷ್ಟು ಹತ್ತಿರದಿಂದ ಕಂಡದ್ದೇ ಅವತ್ತು. ಒಲ್ಲೆ ಎಂದರೆ ಇಷ್ಟು ದಿನ ಗಳಿಸಿದ ಮರ್ಯಾದೆ ಕೊಳದ ಪಾಲು.

"ಅದಕ್ಕೇನಂತೆ," ಎಂದಳು.

"ನಾಳೆಯಿಂದ ನಮ್ಮ ಮಕ್ಕಳನ್ನೂ ಕಳಿಸಬಹುದಾ?" ಎಂದಳು ಮುಸುವಮ್ಮ, ಬಹಳ ಆಸೆಯಿಂದ. ಆಮೇಲೆ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋದರು. ಕೊಳದ ಬಳಿ ಉಳಿದವರು ಇಬ್ಬರೇ.

ಜಂಬು ಮೊದಲು ಮಾಡಿದ್ದು ಶಾಂತಮ್ಮನ ಬೆನ್ನು ಹತ್ತಿದ್ದು. ಹತ್ತಿ, ಚಿಪ್ಪಿನ ಮೇಲೆ ತಟ್ಟಿ, "ನಡಿ," ಎಂದ.

"ಇಳಿ ಕೆಳಗೆ."

"ಯಾಕೆ?"

"ಭಾರ."

"ಭಾರ ಯಾಕೆ?"

"ನೀನು ದಪ್ಪ ಇದ್ದೀಯ, ಅದಕ್ಕೆ."

"ದಪ್ಪ ಯಾಕೆ?"

ಉತ್ತರ ಕೊಡಬಾರದು ಅಂತ ಬೆಳಿಗ್ಗೆ ತಾನೇ ಹೇಳಿದ್ದು ಶಾಂತಮ್ಮನಿಗೆ ನೆನಪಾಯಿತು. ಸರಿ, ತನ್ನ ಶಿಸ್ತಿನ ದೊಡ್ಡ ಅಸ್ತ್ರವನ್ನು ಹೊರತೆಗೆದಳು. ಅಂದರೆ ತಲೆಯನ್ನು ಒಳಗೆಳೆದುಕೊಂಡಳು.

ಜಂಬು ಬೆರಗಾದ. ಇಳಿದು ಎದುರಿಗೆ ಬಂದು ತೂತಿನಲ್ಲಿ ಇಣುಕಿದ. "ಅಜ್ಜಿ ಇಲ್ಲ," ಎಂದ. ಬಹಳ ಹೊತ್ತು ಸದ್ದಿಲ್ಲ. ಹೊರಟುಹೋದನೇನೋ ಅಂತ ಶಾಂತಮ್ಮ ಮೆಲ್ಲಗೆ ತಲೆ ಹೊರಗಿಟ್ಟಳು.

"ಅಜ್ಜಿ ಬಂತು." ಜಂಬು ನಗುತ್ತ ನಗುತ್ತ ಹಿಂದಕ್ಕೆ ಬಿದ್ದ, ಎದ್ದ, ಮತ್ತೆ ಬಿದ್ದ.

ಶಾಂತಮ್ಮನ ಮುಖ ನೋಡಿ ಯಾರೂ ಇಷ್ಟು ಸಂತೋಷಪಟ್ಟದ್ದಿಲ್ಲ. ಅವಳ ಮುಖ ಕಂಡರೆ ಎಲ್ಲರೂ ಬುದ್ಧಿಮಾತಿಗೆ ಹೆದರಿ ಬೇಗ ಬೇಗ ನೀರು ಕುಡಿಯುತ್ತಿದ್ದರು. ಅವಳು ಇನ್ನೊಮ್ಮೆ ತಲೆ ಒಳಗೆಳೆದಳು, ಇನ್ನೊಮ್ಮೆ ಹೊರಗಿಟ್ಟಳು. ಆಟವಲ್ಲ, ಶಿಸ್ತು ಕಲಿಸುತ್ತಿದ್ದೇನೆ ಅಂತ ತನಗೆ ತಾನೇ ಹೇಳಿಕೊಂಡಳು. ಶಿಸ್ತಿನ ಪಾಠ ಬಹಳ ಹೊತ್ತು ನಡೆಯಿತು.

ಆಮೇಲೆ ಜಂಬುವಿಗೆ ಒಂದು ಅನುಮಾನ ಹುಟ್ಟಿತು. ಅಜ್ಜಿ ಹೋಗುವುದು ಎಲ್ಲಿಗೆ? ನೋಡೇಬಿಡೋಣ ಅಂತ ಎರಡೂ ಕೈ ಚಿಪ್ಪಿನ ಅಡಿಗೆ ಹಾಕಿ ಎತ್ತಿದ. ಶಾಂತಮ್ಮ ಅಂಗಾತ ಬಿದ್ದಳು.

ಮಕ್ಕಳೇ, ಆಮೆ ಅಂಗಾತ ಬಿದ್ದರೆ ತಾನಾಗಿ ಏಳುವುದು ಬಲು ಕಷ್ಟ. ನೆರಳು ಸರಿದು ಬೇಸಿಗೆಯ ಬಿಸಿಲು ನೇರ ಅವಳ ಹೊಟ್ಟೆಗೆ ಬೀಳುತ್ತಿತ್ತು. ನಾಲ್ಕು ಕಾಲೂ ಗಾಳಿಯಲ್ಲಿ ಆಡಿದವು. ಜಂಬುವಿಗೆ ಮಾತ್ರ ಒಳ್ಳೆಯ ತಟ್ಟೆ ಸಿಕ್ಕ ಹಾಗಾಯಿತು. ಕೆಸರು ತಂದು ಹಾಕಿದ, ಆಲದ ಹಣ್ಣು ತಂದು ಹಾಕಿದ, ಎಲ್ಲಾ ಸೇರಿಸಿ ಕಲಸಿದ.

"ಮರಿ, ನನ್ನನ್ನ ತಿರುಗಿಸಪ್ಪ."

"ಯಾಕೆ?"

"ಬಿಸಿಲು ಕಣಪ್ಪ."

"ಬಿಸಿಲು ಯಾಕೆ?"

"ಸೂರ್ಯ ಇದ್ದಾನಲ್ಲ, ಅದಕ್ಕೆ."

ಜಂಬು ತಲೆಯೆತ್ತಿ ನೋಡಿದ. "ಸೂರ್ಯ ನಂದು," ಎಂದ. ಅಲ್ಲಿಗೆ ಆ ವಿಷಯ ಮುಗಿಯಿತು.

ಅಷ್ಟರಲ್ಲಿ ಪೊದೆಯಿಂದ ನರಿಯಣ್ಣ ಬಂದ. ಬಂದವನೇ ಕೈ ಮುಗಿದ.

"ಏನು ಶಾಂತಮ್ಮನೋರೇ, ಇವತ್ತು ಬಡಿಸಿಟ್ಟ ಹಾಗೆ ಮಲಗಿದ್ದೀರಿ? ಮೇಲೆ ಹಣ್ಣು ಬೇರೆ." ಆಮೇಲೆ ಜಂಬುವಿನ ಕಡೆ ತಿರುಗಿದ. "ಪುಟ್ಟಪ್ಪ, ಅಗೋ ಅಲ್ಲಿ ದೊಡ್ಡ ಹುತ್ತ ಇದೆ. ಹೋಗು, ಗೆದ್ದಲು ತಿನ್ನು ಹೋಗು."

ಶಿಸ್ತಿನ ಮಗುವಾಗಿದ್ದರೆ ದೊಡ್ಡವರ ಮಾತಿಗೆ ಮರ್ಯಾದೆ ಕೊಟ್ಟು ಹೋಗುತ್ತಿತ್ತು. ಪುಣ್ಯಕ್ಕೆ ಜಂಬು ಕೆಟ್ಟುಹೋದ ಮಗು.

"ಯಾಕೆ?" ಎಂದ.

"ದೊಡ್ಡವರು ಹೇಳಿದ್ದು ಕೇಳಬೇಕು."

"ಯಾಕೆ?"

ನರಿಯಣ್ಣನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಶಾಂತಮ್ಮನ ಹಿಂಗಾಲಿಗೆ ಬಾಯಿ ಹಾಕಿ ಎಳೆದ. ಜಂಬು ಓಡಿಬಂದು ಚಿಪ್ಪನ್ನು ತಬ್ಬಿಕೊಂಡ.

"ನಂದು," ಎಂದ. "ಅಜ್ಜಿ ನಂದು."

ನರಿ ಅತ್ತ ಎಳೆದ, ಮರಿ ಇತ್ತ ಎಳೆದ. ಬಲದಲ್ಲಿ ಮರಿ ಎಷ್ಟು ಹೊತ್ತು ತಡೆದೀತು? ಕೈ ಜಾರತೊಡಗಿದಾಗ ಜಂಬು ತನಗೆ ಗೊತ್ತಿದ್ದ ಕೊನೆಯ ವಿದ್ಯೆ ಬಳಸಿದ. ನೆಲಕ್ಕೆ ಬಿದ್ದು, ಕಾಲು ಬಡಿದು, ಬಾಯಿ ಅಗಲಿಸಿ ಕಿರುಚಿ ಅತ್ತ. ಗುಡ್ಡದ ಬಂಡೆಗಳೆಲ್ಲ ಅದನ್ನೇ ಮತ್ತೊಮ್ಮೆ ಅತ್ತವು.

ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಿದ್ದ ಶಾಂತಮ್ಮನಿಗೆ ಒಂದು ಕ್ಷಣ ಧೈರ್ಯ ಬಂತು. ಮರುಕ್ಷಣ ತನ್ನದೇ ಮಾತು ನೆನಪಾಯಿತು. ಅತ್ತ ಕೂಡಲೇ ಓಡಬಾರದು, ಕಿವಿ ಮುಚ್ಚಿಕೊಂಡು ಕೂರು ಅಂತ ಭರಮವ್ವನಿಗೆ ಹೇಳಿದವಳು ತಾನೇ ಅಲ್ಲವೇ? ಭರಮವ್ವ ಈಗ ಗುಡ್ಡದ ಆಚೆ ಆ ಮಾತನ್ನು ಶಿರಸಾ ಪಾಲಿಸುತ್ತ ಕೂತಿದ್ದರೆ?

"ದೇವರೇ, ನನ್ನ ಮಾತು ಅವಳು ಕೇಳದೇ ಇರಲಿ," ಎಂದು ಬೇಡಿಕೊಂಡಳು. ಜನ್ಮದಲ್ಲಿ ಅವಳು ಹಾಗೆ ಬೇಡಿದ್ದು ಅದೇ ಮೊದಲು. ಆ ಕತ್ತಲೆಯಲ್ಲಿ ಅವಳಿಗೆ ಮರಳಿನ ಕುಳಿಯೂ ನೆನಪಾಯಿತು. ಅಲ್ಲಿ ಯಾರಾದರೂ ಹೀಗೆ ಅತ್ತಿದ್ದರೆ ಯಾರು ಓಡಿಬಂದಿದ್ದರು?

ಬಂಡೆ ಉರುಳಿದ ಸದ್ದಾಯಿತು. ಉರುಳಿ ಬಂದದ್ದು ಬಂಡೆಯಲ್ಲ, ಭರಮವ್ವ. ಮೂತಿಗೆ ಇಪ್ಪೆ ಹೂ ಮೆತ್ತಿತ್ತು, ಕಣ್ಣಲ್ಲಿ ಅರ್ಧ ನಿದ್ದೆ ಹಾಗೇ ಇತ್ತು. ನರಿಯಣ್ಣ ಬಾಲ ಮುದುರಿ ಓಡಿದ್ದನ್ನು ನೋಡಲೂ ಅವಳಿಗೆ ಪುರುಸೊತ್ತಿರಲಿಲ್ಲ. ಮಗನನ್ನು ಎತ್ತಿಕೊಂಡು, ಮೂಸಿ, ನೆಕ್ಕಿ, ಆಮೇಲೆ ಶಾಂತಮ್ಮನನ್ನು ತಿರುಗಿಸಿ ನಿಲ್ಲಿಸಿದಳು.

"ತಪ್ಪಾಯ್ತು ಶಾಂತಕ್ಕ," ಎಂದಳು ಏದುಸಿರು ಬಿಡುತ್ತ. "ಓಡಬೇಡ ಅಂತ ನೀನು ಹೇಳಿದ್ದೆ. ಕಿವಿ ಮುಚ್ಚಿಕೊಂಡೆ ಕೂಡ. ಆದರೆ ಕಾಲು ಕೇಳಲಿಲ್ಲ."

"ಪರವಾಗಿಲ್ಲ ಬಿಡು," ಎಂದಳು ಶಾಂತಮ್ಮ. ಹೊಟ್ಟೆಯಿಂದ ಕೆಸರು ತೊಟ್ಟಿಕ್ಕುತ್ತಿತ್ತು. "ಇದೊಂದು ಸಲ ಕ್ಷಮಿಸಿದ್ದೀನಿ."

ಜಂಬು ಅವ್ವನ ಬೆನ್ನಿನಿಂದ ಕೈ ಚಾಚಿದ. "ಅಜ್ಜಿ ನಂದು."

ಭರಮವ್ವ ನಕ್ಕಳು. "ನಿನ್ನ ಮಕ್ಕಳೂ ಹೀಗೇ ಅಂತಿದ್ರಾ ಶಾಂತಕ್ಕ?"

"ಗೊತ್ತಿಲ್ಲ ಕಣೇ," ಎಂದಳು ಶಾಂತಮ್ಮ. "ಮೊಟ್ಟೆ ಇಟ್ಟು ಮರಳು ಮುಚ್ಚಿ ಬಂದೆ. ಅತ್ತರೋ ನಕ್ಕರೋ, ನಾನು ನೋಡೇ ಇಲ್ಲ." ಭರಮವ್ವ ಅವಳ ಪಕ್ಕದಲ್ಲೇ ಕೂತಳು.

ಮಾರನೆಯ ಬೆಳಿಗ್ಗೆ ಮುಸುವಮ್ಮ, ಕೌಜುಗಮ್ಮ ಇಬ್ಬರೂ ಮಕ್ಕಳನ್ನು ಕಟ್ಟಿಕೊಂಡು ಬಂದರು. ಚಪ್ಪಟೆ ಕಲ್ಲಿನ ಮೇಲೆ ಯಾರೂ ಇರಲಿಲ್ಲ. ಶಾಂತಮ್ಮ ಕೆಳಗೆ ಕೆಸರಿನಲ್ಲಿ ಜಂಬುವಿನ ಎದುರಿಗಿದ್ದಳು.

"ಶಾಂತಮ್ಮ, ಮಗು ಅತ್ತರೆ ಏನು ಮಾಡಬೇಕು ಅಂತ ಇನ್ನೊಂದ್ಸಲ ಹೇಳಿ," ಎಂದಳು ಕೌಜುಗಮ್ಮ.

"ಓಡಬೇಕು," ಎಂದಳು ಶಾಂತಮ್ಮ.

"ಮತ್ತೆ ನಿನ್ನೆ ಬೇರೆ ಹೇಳಿದ್ರಿ. ಯಾಕೆ?"

ಜಂಬು ಆಟಕ್ಕೆ ಕಾಯುತ್ತಿದ್ದ. ಶಾಂತಮ್ಮ ತಲೆ ಒಳಗೆಳೆದುಕೊಂಡಳು.

ನೀತಿ: ಮಗುವಿನ ಅಳು ಕೇಳದವರು ಮಗು ಸಾಕುವ ಬುದ್ಧಿ ಹೇಳಬಾರದು, ಹೇಳಿದರೂ, ಮಗು ಅತ್ತಾಗ ಆ ಬುದ್ಧಿಮಾತನ್ನು ಯಾರೂ ಕೇಳಬಾರದು.