ಹೇಳದೆ ಉಳಿಸಿಕೊಂಡದ್ದು

ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಹದಿನೇಳು ವರ್ಷ ಸವೆಸಿದ ಮೃತ್ಯುಂಜಯ ಒಂದು ಭಾನುವಾರ ಬೆಳಿಗ್ಗೆ ಹೊಳೆದಂಡೆಯ ಆಶ್ರಮಕ್ಕೆ ಬಂದ. ಹೆಗಲಲ್ಲಿ ಲ್ಯಾಪ್‌ಟಾಪಿನ ಚೀಲ. ಅದನ್ನವನು ಮದುವೆಮನೆಗೂ ಒಯ್ಯುತ್ತಿದ್ದ, ಸಾವಿನ ಮನೆಗೂ ಒಯ್ಯುತ್ತಿದ್ದ, ಆಶ್ರಮವೇನು ಮಹಾ!

ಗುರುಗಳು ಚೆನ್ನಬಸವಯ್ಯನವರು ಜಗಲಿಯ ಮೇಲೆ ಚಾಪೆ ಕೊಡವುತ್ತಿದ್ದರು.

"ಏನಯ್ಯಾ, ಮುಖ ಯಾಕೆ ಹೀಗಿದೆ?"

"ನನ್ನ ಪ್ರಾಜೆಕ್ಟನ್ನ ಬೇರೆಯವರಿಗೆ ಕೊಡ್ತಿದ್ದಾರೆ ಗುರುಗಳೇ. ನಾಳೆ ಕೊನೇ ದಿನ."

ಪರದೇಶದ ವಿಮಾನ ಕಂಪನಿಯೊಂದರ ಹಳೇ ಪ್ರೋಗ್ರಾಂ ಅದು. ಯಾವ ಪೆಟ್ಟಿಗೆ ಯಾವ ವಿಮಾನಕ್ಕೆ ಏರಬೇಕು ಅನ್ನುವುದನ್ನು ನೋಡಿಕೊಳ್ಳುತ್ತದೆ. ಹನ್ನೊಂದು ವರ್ಷದಿಂದ ಅದರ ಯೋಗಕ್ಷೇಮವೆಲ್ಲ ಮೃತ್ಯುಂಜಯನದೇ. ಈಗ ಶಬೀನಾ ಅನ್ನುವ ಹುಡುಗಿಗೆ ತನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿಕೊಡಬೇಕು. ಹೇಳಿಕೊಟ್ಟಿದ್ದೇನೆ ಎಂದು ಸಹಿಯನ್ನೂ ಹಾಕಬೇಕು. ಕಂಪನಿಯಲ್ಲಿ ಇದಕ್ಕೆ ಕೆ.ಟಿ. ಅನ್ನುತ್ತಾರೆ. ಅಲ್ಲಿ ಯಾವುದನ್ನೂ ಪೂರ್ತಿ ಹೆಸರು ಹಿಡಿದು ಕರೆಯುವಷ್ಟು ಪುರುಸೊತ್ತು ಯಾರಿಗೂ ಇಲ್ಲ.

"ಹೇಳಿಕೊಟ್ಯಾ?"

"ಎಲ್ಲಾ ಹೇಳಿಕೊಟ್ಟೆ. ಒಂದು ಬಿಟ್ಟು."

ಆ ಪ್ರೋಗ್ರಾಂ ವರ್ಷಕ್ಕೆ ಮೂರ್ನಾಲ್ಕು ಸಲ ಮೊಂಡು ಹಿಡಿದು ಕೂತುಬಿಡುತ್ತಿತ್ತು. ಆಗ ಎಲ್ಲಿ ಕೈಯಿಟ್ಟರೆ ಅದು ಏಳುತ್ತದೆ ಅನ್ನುವುದು ಇಡೀ ಪ್ರಪಂಚದಲ್ಲಿ ಮೃತ್ಯುಂಜಯನೊಬ್ಬನಿಗೇ ಗೊತ್ತು. ಅದನ್ನು ಅವನು ಎಲ್ಲೂ ಬರೆದಿಟ್ಟಿರಲಿಲ್ಲ.

"ಆ ಹುಡುಗಿ ಬಾಯಿಬಿಟ್ಟು ಕೇಳಿದ್ಳು, 'ಸರ್, ಇನ್ನೇನಾದ್ರೂ ಇದೆಯಾ' ಅಂತ. 'ಇಲ್ಲಮ್ಮ' ಅಂದೆ."

"ಯಾಕಪ್ಪ?"

"ಹೇಳಿದ್ರೆ ನನ್ನನ್ನ ಬೆಂಚಿಗೆ ಹಾಕ್ತಾರೆ."

ಬೆಂಚು ಅಂದರೆ ಮರದ್ದಲ್ಲ. ಒಂದು ಪ್ರಾಜೆಕ್ಟು ಮುಗಿದು ಇನ್ನೊಂದು ಸಿಗದೆ ಸುಮ್ಮನೆ ಕಾಯುವ ಸ್ಥಿತಿಗೆ ಅಲ್ಲಿ ಆ ಹೆಸರು. ಮೊದಲ ವಾರ ಸ್ವರ್ಗವಂತೆ. ಕೂತು ಎದ್ದವರು ಹೇಳುತ್ತಾರೆ. ಅರವತ್ತು ದಿನದೊಳಗೆ ಯಾರೂ ಕರೆಯದಿದ್ದರೆ ಕೊರಳಿನ ಗುರುತುಚೀಟಿ ಕಳಚಿಟ್ಟು ಮನೆಗೆ ನಡೆಯಬೇಕು.

"ಹೇಳದಿದ್ರೆ?"

"ಒಂದಿನ ಪ್ರೋಗ್ರಾಂ ನಿಲ್ಲುತ್ತೆ. 'ಕರೀರಿ ಮೃತ್ಯುಂಜಯನ್ನ' ಅಂತಾರೆ. ನನಗೆ ನಲವತ್ತೆರಡು ಗುರುಗಳೇ. ಈ ವಯಸ್ಸಲ್ಲಿ ನನ್ನನ್ನ ಹೊಸದಾಗಿ ಯಾರು ತಗೋತಾರೆ? ಮನೇಲಿ ಇಬ್ಬರು ಮಕ್ಕಳಿದ್ದಾರೆ. ಅದೊಂದನ್ನ ಇಟ್ಟುಕೊಂಡ್ರೆ ತಪ್ಪಾ? ನೀವೇ ಹೇಳಿ."

"ಇಷ್ಟು ವರ್ಷದಲ್ಲಿ ಬೇರೆ ಕೆಲಸಕ್ಕೆ ಯಾರೂ ಕರೀಲೇ ಇಲ್ವಾ?"

"ಎರಡು ಸಲ ಕರೆದ್ರು. ಮ್ಯಾನೇಜರ್ ಬಿಡಲಿಲ್ಲ. 'ಇವನು ಹೋದ್ರೆ ಇದನ್ನ ನೋಡೋರು ಯಾರು' ಅಂದ್ರು." ಹೇಳುವಾಗ ಅವನ ದನಿಯಲ್ಲಿ ಕೊಂಚ ಹೆಮ್ಮೆಯೇ ಇತ್ತು.

ಗುರುಗಳು ಚಾಪೆ ಸುತ್ತಿಟ್ಟು, ಪಂಚೆ ಎತ್ತಿ ಕಟ್ಟಿದರು.

"ಬಾ. ಆಚೆ ದಡದ ಮನೇಲಿ ಊಟಕ್ಕೆ ಹೇಳಿದ್ದಾರೆ."

"ಸೇತುವೆ ಎಲ್ಲಿದೆ?"

"ನಾಲ್ಕು ಮೈಲಿ. ನೀನು ಸುತ್ತಿಕೊಂಡು ಬರೋ ಹೊತ್ತಿಗೆ ಕಾಯಿಹೋಳಿಗೆ ಆರಿಹೋಗಿರುತ್ತೆ. ಇಳಿ ನೀರಿಗೆ."

ನೀರು ಕೆಂಪಗಿತ್ತು, ತಳ ಕಾಣುತ್ತಿರಲಿಲ್ಲ. ಅಡಿಯಲ್ಲಿ ಬಂಡೆಗಳದೊಂದು ಸಾಲು. ಅದು ಎಲ್ಲೆಲ್ಲಿ ಸೊಟ್ಟ ತಿರುಗುತ್ತದೆ ಅನ್ನುವುದು ಗುರುಗಳ ಕಾಲಿಗೆ ಮಾತ್ರ ಗೊತ್ತು. ಅವರು ಮುಂದೆ, ಅವರ ಹೆಗಲು ಹಿಡಿದು ಮೃತ್ಯುಂಜಯ ಹಿಂದೆ. ಲ್ಯಾಪ್‌ಟಾಪು ತಲೆಯ ಮೇಲೆ.

"ಎಡಕ್ಕೆ ಅರ್ಧ ಮಾರು. ಹಾಂ. ಈಗ ನೇರ. ಇಲ್ಲಿ ಪಾಚಿ ಇದೆ, ಹುಷಾರು."

ನಡುಹೊಳೆಗೆ ಬಂದಾಗ ಗುರುಗಳು ನಿಂತುಬಿಟ್ಟರು. ನೀರು ಸೊಂಟ ಮುಟ್ಟಿತ್ತು.

"ಮುಂದಿನ ಹೆಜ್ಜೆ ಎಲ್ಲಿ ಗುರುಗಳೇ?"

"ಅದೊಂದನ್ನ ನಾನು ಇಟ್ಟುಕೊಂಡಿದ್ದೀನಿ."

"ತಮಾಷೆ ಮಾಡ್ಬೇಡಿ!"

"ತಮಾಷೆ ಏನು ಬಂತು? ಅದನ್ನೂ ಹೇಳಿಬಿಟ್ರೆ ನಾಳೆಯಿಂದ ನೀನೊಬ್ಬನೇ ದಾಟ್ತೀಯ. ಆಮೇಲೆ ನನ್ನನ್ನ ಕೇಳೋರು ಯಾರು? ನನಗೆ ಎಪ್ಪತ್ತೆಂಟು."

ಮೃತ್ಯುಂಜಯ ಒಂದು ಕಾಲು ಚಾಚಿ ತಡಕಿದ. ಬಂಡೆ ಸಿಗಲಿಲ್ಲ, ಸೆಳವು ಸಿಕ್ಕಿತು. ಬೆಚ್ಚಿ ಕಾಲೆಳೆದುಕೊಂಡ. ಹಿಂದಕ್ಕೆ ಹೋಗೋಣವೆಂದರೆ ಬಂದ ದಾರಿಯೂ ನೆನಪಿಲ್ಲ.

"ಎಷ್ಟು ಹೊತ್ತು ಹೀಗೇ ನಿಲ್ಲೋದು?"

"ನನಗೇನು ಗೊತ್ತು! ಚಳಿಯಂತೂ ಆಗ್ತಿದೆ."

ಆಚೆ ದಡದಲ್ಲಿ ಯಾರೋ ಕೈಬೀಸಿ ಊಟಕ್ಕೆ ಕೂಗಿದರು. ಗುರುಗಳೂ ಕೈಬೀಸಿದರು. ಆದರೆ ಕದಲಲಿಲ್ಲ. ಆ ವಯಸ್ಸಿನವರು ಚಳಿನೀರಲ್ಲಿ ನಿಂತದ್ದನ್ನು ನೋಡಲಾರದೆ ಮೃತ್ಯುಂಜಯ ಹೇಳಿದ:

"ಹೋಗ್ಲಿ ಬಿಡಿ ಗುರುಗಳೇ. ನಾನು ಹೇಗೋ ಮಾಡ್ಕೋತೀನಿ. ನನ್ನನ್ನ ಇಲ್ಲೇ ಬಿಟ್ಟು ನೀವಾದ್ರೂ ದಡ ಸೇರಿ!"

"ಹೇಗೆ ಹೋಗ್ಲಪ್ಪ? ನಾನು ಕಾಲೆತ್ತಿ ಇಟ್ರೆ ನಿನಗೆ ದಾರಿ ಗೊತ್ತಾಗಿಬಿಡುತ್ತಲ್ಲ."