ಡಾಲ್ಫಿನ್ ದೋಣಿಯ ಪಕ್ಕದಲ್ಲೇ ಏಕೆ ಜಿಗಿಯುತ್ತದೆ

ಕಡಲಿನಲ್ಲಿ ಉಪ್ಪು ಇನ್ನೂ ಪೂರ್ತಿ ಕರಗಿರಲಿಲ್ಲ. ಗುಡ್ಡಗಳು ಎಲ್ಲಿ ಕೂರುವುದೆಂದು ಜಾಗ ನೋಡುತ್ತಿದ್ದವು. ಕಾಳಿ ನದಿಗೆ ಕಾರವಾರದ ದಾರಿ ಆಗಷ್ಟೇ ಸಿಕ್ಕಿತ್ತು. ಅಷ್ಟು ಹಿಂದಿನ ಮಾತು ಇದು. ಆಗ ಗಾಳಿ ಮಾತನಾಡುತ್ತಿತ್ತು, ನದಿ ಉತ್ತರ ಕೊಡುತ್ತಿತ್ತು, ಕಡಲು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು.

ಆ ಕಡಲಿನಲ್ಲಿ ನುಣ್ಣಿ ಎಂಬ ಡಾಲ್ಫಿನ್ ಇದ್ದಳು.

ನುಣ್ಣಿಯ ಮೈಮೇಲೆ ಒಂದೇ ಒಂದು ಹುರುಪೆ ಇರಲಿಲ್ಲ. ಕಿವಿರೂ ಇರಲಿಲ್ಲ. ಮೀನುಗಳಿಗೆಲ್ಲ ಕಿವಿರು ಹಂಚಿ ಮುಗಿದ ಮೇಲೆ ಅವಳ ಸರದಿ ಬಂದಿತ್ತು. ಬುಟ್ಟಿಯಲ್ಲಿ ಉಳಿದಿದ್ದದ್ದು ಒಂದು ಮೂಗು ಮಾತ್ರ. ಮುಖದಲ್ಲಿ ಅದಕ್ಕೆ ಜಾಗ ಸಾಲದೆ ನೆತ್ತಿಯ ಮೇಲೆ ಇಟ್ಟು ಕಳಿಸಿದ್ದರು.

ಆದ್ದರಿಂದ ನುಣ್ಣಿ ಉಸಿರಾಡಲು ನೀರಿನ ಮೇಲೆ ಬರಲೇಬೇಕಿತ್ತು. ನೀರಲ್ಲಿ ಹುಟ್ಟಿ ಗಾಳಿಗೆ ಅಂಗಲಾಚುವವಳು ಎಂದು ಬಂಗುಡೆ ಮೀನುಗಳು ಆಡಿಕೊಳ್ಳುತ್ತಿದ್ದವು. ನುಣ್ಣಿ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ದೋಣಿಗಳು ಬಾರದಷ್ಟು ದೂರ ಹೋಗಿ, ನೆತ್ತಿಯನ್ನಷ್ಟೇ ಹೊರಗಿಟ್ಟು, ಫುಸ್ಸೆಂದು ಒಂದು ಉಸಿರು ಬಿಟ್ಟು, ಒಂದು ಉಸಿರು ಎಳೆದುಕೊಂಡು ಮುಳುಗಿಬಿಡುತ್ತಿದ್ದಳು. ಮನುಷ್ಯರಲ್ಲಿ ಯಾರೂ ಅವಳನ್ನು ಸರಿಯಾಗಿ ನೋಡಿರಲಿಲ್ಲ. ಯಾರೂ ನೋಡಬೇಕಾಗಿಯೂ ಇಲ್ಲ ಎಂಬುದು ಅವಳ ಅಭಿಪ್ರಾಯವಾಗಿತ್ತು.

ಮಳೆಗಾಲ ಮುಗಿದ ಮೇಲೆ ನುಣ್ಣಿಗೆ ಒಂದು ಮರಿ ಹುಟ್ಟಿತು.

ಮರಿಗೂ ಕಿವಿರು ಇರಲಿಲ್ಲ. ನೆತ್ತಿಯ ಮೇಲೆ ಒಂದು ಪುಟ್ಟ ಮೂಗು, ಅಷ್ಟೇ. ತಾಯಿಯ ಹಾಗೆ ಒಂದೇ ಉಸಿರಿನಲ್ಲಿ ಬಹಳ ಹೊತ್ತು ಕೆಳಗಿರಲು ಅದಕ್ಕೆ ಬರುತ್ತಿರಲಿಲ್ಲ. ನುಣ್ಣಿ ಅದನ್ನು ಮೂತಿಯಿಂದ ಎತ್ತಿ ಮೇಲಕ್ಕೆ ತರುತ್ತಿದ್ದಳು. ದೂರದ ಕಡಲಿನಲ್ಲಿ ಅಲೆಗಳು ಎತ್ತರ. ಮರಿ ಮೂಗು ತೆರೆಯುವಷ್ಟರಲ್ಲಿ ನೀರು ನುಗ್ಗುತ್ತಿತ್ತು. ಮರಿ ಸೀನುತ್ತಿತ್ತು, ಕೆಮ್ಮುತ್ತಿತ್ತು.

ಅಲೆ ಏಳದ ಜಾಗ ಒಂದೇ ಇತ್ತು. ಅದು ಕಾಳಿ ನದಿ ಕಡಲು ಸೇರುವಲ್ಲಿ, ದಡಕ್ಕೂ ನಡುಗಡ್ಡೆಗೂ ಮಧ್ಯೆ ಇದ್ದ ಶಾಂತ ನೀರು. ಅಲ್ಲಿ ದೋಣಿಗಳಿದ್ದವು. ಆದರೂ ನುಣ್ಣಿ ಮರಿಯನ್ನು ಅಲ್ಲಿಗೇ ಕರೆತಂದಳು. ಒಂದು ಉಸಿರು. ಅಷ್ಟೇ ಬೇಕಿತ್ತು.

ದಡದ ಮೇಲಿನ ಗುಡ್ಡದಲ್ಲಿ ಜಟ್ಟಿ ಎಂಬವನು ಕೂತಿರುತ್ತಿದ್ದ. ಬಂಗುಡೆಯ ಹಿಂಡು ಬಂದರೆ ಮೇಲಿನಿಂದ ನೀರು ಕಪ್ಪಗೆ ಕಾಣುತ್ತದೆ. ಅದನ್ನು ನೋಡಿ ಕೆಂಪು ಬಟ್ಟೆ ಬೀಸುವುದು ಜಟ್ಟಿಯ ಕೆಲಸ. ಕೆಂಪು ಬಟ್ಟೆ ಬೀಸಿದ ಮೇಲೆ ಊರಿನಲ್ಲಿ ಯಾರೂ ಪ್ರಶ್ನೆ ಕೇಳುವ ಹಾಗಿರಲಿಲ್ಲ. ಉಣ್ಣುತ್ತಿದ್ದವರು ಕೈ ತೊಳೆದು ಏಳಬೇಕು, ದೋಣಿ ಇಳಿಸಬೇಕು, ಸುತ್ತಲೂ ಬಲೆ ಬಿಡಬೇಕು. ಮೀನು ಚದುರದಿರಲಿ ಎಂದು ದೋಣಿಯ ಹಲಗೆಗೆ ದೊಣ್ಣೆಯಿಂದ ದಡದಡ ಬಡಿಯಬೇಕು. ಅದು ಆ ಊರಿನ ಕಟ್ಟಳೆ.

ಮೊದಲ ದಿನ ಜಟ್ಟಿ ನೀರಿನಲ್ಲಿ ಎರಡು ಕಪ್ಪು ಬೆನ್ನು ನೋಡಿದ, ಒಂದು ದೊಡ್ಡದು, ಒಂದು ಸಣ್ಣದು. ಹಿಂಡು ಬಂತೆಂದು ಬಟ್ಟೆ ಬೀಸಿದ. ದೋಣಿಗಳು ಬಡಿಯುತ್ತಾ ಬಂದವು. ಮರಿ ಮೂಗು ತೆರೆಯುವ ಮೊದಲೇ ಹೆದರಿ ಮುಳುಗಿತು.

ಎರಡನೆಯ ದಿನವೂ ಜಟ್ಟಿ ಬಟ್ಟೆ ಬೀಸಿದ, ಹಲಗೆಗಳು ಬಡಿದುಕೊಂಡವು, ಮರಿ ಅರ್ಧ ಉಸಿರಿಗೇ ಮುಳುಗಿತು.

ಮೂರನೆಯ ದಿನ ಮರಿಗೆ ಬಾಲ ಬೀಸುವಷ್ಟು ಶಕ್ತಿಯೂ ಉಳಿದಿರಲಿಲ್ಲ. ನುಣ್ಣಿ ಅದನ್ನು ಬೆನ್ನಿಗೆ ಒತ್ತಿಕೊಂಡು ನಡುಗಡ್ಡೆಯ ಬಂಡೆಯ ಮರೆಗೆ ಹೋದಳು. ಅಲ್ಲಿ ನೊರೆಯ ನಡುವೆ ಅದಕ್ಕೆ ಹೇಗೋ ನಾಲ್ಕು ಗುಟುಕು ಗಾಳಿ ಸಿಕ್ಕಿತು. ನಾಳೆ ಹೀಗೆ ನಡೆಯುವುದಿಲ್ಲ ಎಂದು ನುಣ್ಣಿಗೆ ಗೊತ್ತಿತ್ತು.

ಅವಳು ಗಾಳಿಯನ್ನು ಕರೆದಳು. ನೀರಿನ ಒಳಗೆ ಬಂದು ಮರಿಗೆ ಉಸಿರು ಕೊಡು ಎಂದು ಕೇಳಿದಳು. ನಾನು ನೀರಿನ ಬಾಗಿಲಿನವರೆಗೆ ಮಾತ್ರ ಬರುವವನು, ಒಳಗೆ ಬಂದರೆ ಗುಳ್ಳೆಯಾಗಿ ಒಡೆದುಹೋಗುತ್ತೇನೆ ಎಂದು ಗಾಳಿ ಹೇಳಿತು. ಗಾಳಿ ಸುಳ್ಳು ಹೇಳಿರಲಿಲ್ಲ.

ಅವಳು ನದಿಯನ್ನು ಕೇಳಿದಳು. ಇನ್ನೂ ಒಳಗೆ, ದೋಣಿ ಬಾರದ ಕಡೆಗೆ ಕರೆದುಕೊಂಡು ಹೋಗು ಎಂದಳು. ಕಾಳಿ ನದಿಗೆ ಮರುಕವಾಯಿತು. ಆದರೆ ಸಿಹಿನೀರಿನಲ್ಲಿ ಮರಿಯ ಎಳೆ ಚರ್ಮ ಬಿರಿಯುತ್ತದೆ, ನಿನ್ನ ಮರಿ ಉಪ್ಪಿನ ಕೂಸು, ಅದನ್ನು ನಾನು ಸಾಕಲಾರೆ ಎಂದಿತು. ನದಿಯೂ ಸುಳ್ಳು ಹೇಳಿರಲಿಲ್ಲ.

ಅವಳು ಕಡಲನ್ನು ಕೇಳಿದಳು. ಆ ದೋಣಿಗಳನ್ನು ಮಗುಚಿಬಿಡು ಎಂದಳು.

ಕಡಲು, "ಮಗಳೇ, ಆ ದೋಣಿಗಳಲ್ಲೂ ಮರಿಗಳ ತಾಯಂದಿರಿದ್ದಾರೆ" ಎಂದಿತು.

ನುಣ್ಣಿ ಮತ್ತೆ ಅದನ್ನು ಕೇಳಲಿಲ್ಲ. ಅಳುತ್ತಲೂ ಕೂರಲಿಲ್ಲ. ಯಾರ ಕೈಯಲ್ಲೂ ಆಗದ ಕೆಲಸವೆಂದರೆ ತಾನೇ ಮಾಡಬೇಕಾದ ಕೆಲಸ ಎಂದು ಲೆಕ್ಕ ಹಾಕಿದಳು. ಮನುಷ್ಯರನ್ನು ಅವಳು ಮೂರು ದಿನ ಗಮನಿಸಿದ್ದಳು. ಒಬ್ಬ ತಲೆ ತಿರುಗಿಸಿದ ಕಡೆಗೆ ಎಲ್ಲರೂ ತಲೆ ತಿರುಗಿಸುತ್ತಿದ್ದರು. ಅದು ಅವಳಿಗೆ ಚೆನ್ನಾಗಿ ನೆನಪಿತ್ತು.

ಮರುದಿನ ಬೆಳಿಗ್ಗೆ ನೀರು ತಟ್ಟೆಯ ಹಾಗೆ ಸಮವಾಗಿತ್ತು. ನುಣ್ಣಿ ಮರಿಗೆ ಒಂದೇ ಮಾತು ಕಲಿಸಿದಳು. "ನಾನು ಎಡಕ್ಕೆ ಹೋದರೆ ನೀನು ಬಲಕ್ಕೆ ಹೋಗು. ನಾನು ಬಲಕ್ಕೆ ಹೋದರೆ ನೀನು ಎಡಕ್ಕೆ. ದೋಣಿ ನಡುವೆ ಇರಲಿ. ಸದ್ದಾದರೂ ಹೆದರಬೇಡ. ಉಸಿರು ತಗೊಂಡೇ ಮುಳುಗು."

ಗುಡ್ಡದ ಮೇಲೆ ಜಟ್ಟಿ ಕೆಂಪು ಬಟ್ಟೆ ಬೀಸಿದ. ಅಂದು ನಿಜವಾಗಿಯೂ ಬಂಗುಡೆಯ ಹಿಂಡು ಬಂದಿತ್ತು. ದೋಣಿಗಳು ಬಂದವು, ಬಲೆ ಇಳಿಯಿತು, ಹಲಗೆಗಳು ದಡದಡ ಎಂದವು. ಬಲೆ ದೊಡ್ಡ ಬಳೆಯ ಹಾಗೆ ಸುತ್ತುಗಟ್ಟಿತು. ಅದರ ಒಳಗೆ ಬಂಗುಡೆಗಳಿದ್ದವು. ಮರಿಯೂ ಇತ್ತು.

ನುಣ್ಣಿ ಹೊರಗಿದ್ದಳು.

ಮುಂದಿನ ದೋಣಿಯಲ್ಲಿ ಊರಿನ ಯಜಮಾನ ಬೊಮ್ಮಯ್ಯ ನಿಂತಿದ್ದ. ಅದೇ ದೋಣಿಯ ಹಿಂತುದಿಯಲ್ಲಿ ಅವನ ಸೋದರತ್ತೆ ಬೀರಮ್ಮ ಚುಕ್ಕಾಣಿ ಹಿಡಿದಿದ್ದಳು. ಹೆಂಗಸರು ದೋಣಿ ಹತ್ತಬಾರದು ಎಂಬ ಮಾತು ಆಗಿನ್ನೂ ಹುಟ್ಟಿರಲಿಲ್ಲ. ಹುಟ್ಟಿದ್ದರೂ ಬೀರಮ್ಮನ ಎದುರು ಅದನ್ನು ಹೇಳುವವರು ಆ ಊರಿನಲ್ಲಿರಲಿಲ್ಲ.

ನುಣ್ಣಿ ಆಳಕ್ಕೆ ಇಳಿದಳು. ಬಾಲವನ್ನು ಒಮ್ಮೆ ಬೀಸಿ, ಇಡೀ ಮೈಯನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಆ ದೋಣಿಯ ಎಡಬದಿಗೆ ಆಕಾಶಕ್ಕೆ ಜಿಗಿದಳು.

ಅದುವರೆಗೆ ಯಾವ ಮನುಷ್ಯನೂ ಅಂಥದ್ದನ್ನು ನೋಡಿರಲಿಲ್ಲ. ಬಿಸಿಲಿಗೆ ಅವಳ ಮೈ ಎಣ್ಣೆ ಹಚ್ಚಿದ ಕಂಚಿನ ಹಾಗೆ ಹೊಳೆಯಿತು. ಬಡಿಯುತ್ತಿದ್ದ ದೊಣ್ಣೆಗಳು ನಿಂತವು. ಬೊಮ್ಮಯ್ಯ ಎಡಕ್ಕೆ ತಿರುಗಿದ. ಅವನು ತಿರುಗಿದ್ದರಿಂದ ಎಲ್ಲರೂ ಎಡಕ್ಕೆ ತಿರುಗಿದರು. ಹಗ್ಗ ಹಿಡಿದವರು ಹಗ್ಗ ಸಡಿಲಿಸಿದರು.

ನುಣ್ಣಿ ಎರಡನೆಯ ಸಲ ಜಿಗಿದಳು, ಮೊದಲಿಗಿಂತ ಎತ್ತರ.

ಬೀರಮ್ಮನೂ ನೋಡುತ್ತಿದ್ದಳು. ಆದರೆ ಚುಕ್ಕಾಣಿ ಹಿಡಿದವರು ಒಂದೇ ಕಡೆ ನೋಡುತ್ತಾ ನಿಲ್ಲುವಂತಿಲ್ಲ. ಎಲ್ಲರೂ ಎಡಕ್ಕೆ ವಾಲಿದ್ದರಿಂದ ದೋಣಿಯೂ ಎಡಕ್ಕೆ ವಾಲಿತ್ತು. ಅದನ್ನು ಸರಿಮಾಡಲು ಅವಳು ಬಲಕ್ಕೆ ಸರಿದು ಕುಳಿತಳು. ಆಗ ಅವಳ ಮೊಣಕೈಯ ಹತ್ತಿರವೇ ಒಂದು ಸದ್ದು ಕೇಳಿತು.

ಫುಸ್.

ಬಲೆಯ ಒಳಗೆ ಒಂದು ಪುಟ್ಟ ನೆತ್ತಿ. ಅದರ ಮೇಲೆ ಒಂದು ಪುಟ್ಟ ಮೂಗು. ಅದು ತೆರೆದುಕೊಂಡಿತು, ಮುಚ್ಚಿಕೊಂಡಿತು. ಮರಿ ಬೀರಮ್ಮನನ್ನು ನೋಡಿತು. ಬೀರಮ್ಮ ಮರಿಯನ್ನು ನೋಡಿದಳು. ಆಮೇಲೆ ಎಡಕ್ಕೆ ತಿರುಗಿ, ಏದುಸಿರು ಬಿಡುತ್ತಾ ಮೂರನೆಯ ಜಿಗಿತಕ್ಕೆ ಹೊರಟಿದ್ದ ನುಣ್ಣಿಯನ್ನು ನೋಡಿದಳು. ಏಳು ಮಕ್ಕಳನ್ನು ಹೆತ್ತವಳಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಬಲೆಯ ಮೇಲಂಚು ಬೆಂಡುಗಳ ಮೇಲೆ ತೇಲುತ್ತಿತ್ತು. ಬೀರಮ್ಮ ಪಕ್ಕದಲ್ಲಿದ್ದ ಹುಟ್ಟನ್ನು ತೆಗೆದುಕೊಂಡು ಆ ಅಂಚನ್ನು ನೀರಿನೊಳಕ್ಕೆ ಅದುಮಿ ಹಿಡಿದಳು. ಮೂರು ಮೊಳ ದಾರಿಯಾಯಿತು. ಮರಿ ಅದರ ಮೇಲೆ ಜಾರಿ ಹೊರಗೆ ಹೋಯಿತು. ಅದರ ಹಿಂದೆಯೇ ಇಡೀ ಬಂಗುಡೆ ಹಿಂಡು ಹೊರಗೆ ಹೋಯಿತು. ಅದಕ್ಕೇನೂ ಮಾಡುವಂತಿರಲಿಲ್ಲ.

ಬೊಮ್ಮಯ್ಯ ತಿರುಗಿ ನೋಡಿದಾಗ ಬಲೆಯಲ್ಲಿ ನೀರು ಮಾತ್ರ ಇತ್ತು. ಬಲೆಯ ಅಂಚು ಯಾರು ತಗ್ಗಿಸಿದ್ದು ಎಂದು ಕೇಳಿದ.

"ನಾನೇ" ಎಂದಳು ಬೀರಮ್ಮ.

"ಅತ್ತೇ, ಊರಿಗೆಲ್ಲ ಇವತ್ತು ಗಂಜಿಗೆ ಉಪ್ಪಿನಕಾಯಿಯೇ ಗತಿ. ಗೊತ್ತುಂಟಲ್ಲ ನಿಮಗೆ?"

"ಗೊತ್ತುಂಟು. ಒಂದು ಹೊತ್ತು ಉಪ್ಪಿನಕಾಯಿ ತಿಂದರೆ ಯಾರೂ ಸಾಯುವುದಿಲ್ಲ ಬೊಮ್ಮಯ್ಯ. ಆ ಕೂಸು ಇನ್ನೊಂದು ಗಳಿಗೆ ಉಸಿರಿಲ್ಲದಿದ್ದರೆ ಸಾಯುತ್ತಿತ್ತು."

ಯಾವ ಕೂಸು ಎಂದು ಯಾರಿಗೂ ಅರ್ಥವಾಗಲಿಲ್ಲ. ಅವರೆಲ್ಲ ಎಡಕ್ಕೆ ನೋಡುತ್ತಿದ್ದರು. ಬೀರಮ್ಮ ನಡೆದದ್ದನ್ನು ಹೇಳಿದಳು. ಹಿಂದಿನ ದಿನಗಳಲ್ಲಿ ಬಲೆ ಖಾಲಿ ಬಂದದ್ದೂ ಈ ತಾಯಿ-ಮರಿಯ ಬೆನ್ನು ನೋಡಿ ಬಟ್ಟೆ ಬೀಸಿದ್ದರಿಂದಲೇ ಇರಬೇಕು ಎಂದಳು. ಕೆಂಪು ಬಟ್ಟೆ ಬೀಸಿದ ಮೇಲೆ ಪ್ರಶ್ನೆ ಕೇಳಬಾರದೆಂಬ ಕಟ್ಟಳೆ ಇಂದಿಗೆ ಸಾಕು ಎಂದೂ ಹೇಳಿದಳು. ದೋಣಿಗಳು ದಡ ಸೇರಿದಾಗ ಗುಡ್ಡದಿಂದ ಇಳಿದು ಬಂದ ಜಟ್ಟಿ ತಲೆ ಕೆರೆದುಕೊಳ್ಳುತ್ತಾ, ತನ್ನ ಕಣ್ಣಿಗೆ ಎಲ್ಲವೂ ಬಂಗುಡೆಯೇ ಎಂದ. ಹಾಗಾದರೆ ನಾಳೆಯಿಂದ ಕಣ್ಣು ತೊಳೆದುಕೊಂಡು ಗುಡ್ಡ ಹತ್ತು ಎಂದು ಬೀರಮ್ಮ ಹೇಳಿದಳು.

ಆ ಸಂಜೆ ಊರಿನವರೆಲ್ಲ ಉಪ್ಪಿನಕಾಯಿ ನೆಕ್ಕುತ್ತಾ ಮಾತನಾಡಿದ್ದು ಮೀನಿನ ವಿಷಯವಲ್ಲ, ಆಕಾಶಕ್ಕೆ ಜಿಗಿದವಳ ವಿಷಯ. ಮಕ್ಕಳು ನಮಗೂ ತೋರಿಸಿ ಎಂದು ಹಟ ಹಿಡಿದರು. ದೊಡ್ಡವರಿಗೂ ಇನ್ನೊಮ್ಮೆ ನೋಡುವ ಆಸೆಯಿತ್ತು, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ.

ಮರುದಿನ ಬೀರಮ್ಮ ಎಲ್ಲರನ್ನೂ ದೋಣಿಗೆ ಹತ್ತಿಸಿಕೊಂಡಳು. ಹತ್ತಿಸುವ ಮೊದಲು ದಡದಲ್ಲಿ ಸಾಲಾಗಿ ನಿಲ್ಲಿಸಿ ನಿಯಮ ಹೇಳಿದಳು. ಬಲೆ ತರಕೂಡದು. ದೊಣ್ಣೆ ತರಕೂಡದು. ನಡುಗಡ್ಡೆಯ ಹತ್ತಿರ ಬಂದ ಕೂಡಲೇ ಹುಟ್ಟು ಹಾಕುವುದನ್ನು ನಿಲ್ಲಿಸಬೇಕು. ಯಾರೂ ಎದ್ದು ನಿಲ್ಲಬಾರದು. ಕಡಲಿನಲ್ಲಿ ಏನನ್ನೂ ಹಿಡಿಯಲು ಹೋಗದೆ, ಬರೇ ನೋಡಲೆಂದು ಹೊರಟ ಮೊದಲ ದೋಣಿ ಅದು.

ಬಂಡೆಯ ಮರೆಯಿಂದ ನುಣ್ಣಿ ಅದನ್ನು ನೋಡಿದಳು. ಹಲಗೆಗೆ ಯಾರೂ ಬಡಿಯುತ್ತಿರಲಿಲ್ಲ. ಹಿಂತುದಿಯಲ್ಲಿ ಅದೇ ಮುದುಕಿ ಇದ್ದಳು. ಗಾಳಿ ಮೆಲ್ಲಗೆ ಬಂದು, ಇನ್ನು ಹೆದರುವುದೇನಿದೆ, ಮರಿಯನ್ನು ಕರೆದುಕೊಂಡು ನೆಮ್ಮದಿಯಾಗಿ ಮೇಲೆ ಬಾ ಎಂದಿತು.

ನುಣ್ಣಿ ಯೋಚಿಸಿದಳು. ಆ ಮುದುಕಿಯನ್ನು ಅವಳು ನಂಬಿದ್ದಳು. ಆದರೆ ಇವತ್ತಿನ ದೋಣಿಯಲ್ಲಿ ಬೀರಮ್ಮ ಇದ್ದಾಳೆ. ನಾಳೆಯ ದೋಣಿಯಲ್ಲಿ ಯಾರಿರುತ್ತಾರೋ, ಅವರ ಕೈಯಲ್ಲಿ ಏನಿರುತ್ತದೋ ಯಾರಿಗೆ ಗೊತ್ತು.

"ದೋಣಿ ಒಳ್ಳೆಯದಿರಬಹುದು" ಎಂದಳು ನುಣ್ಣಿ ಗಾಳಿಗೆ. "ಆದರೂ ನನ್ನ ಮರಿ ಉಸಿರು ತೆಗೆದುಕೊಳ್ಳುವಾಗ ಎಲ್ಲರ ಕಣ್ಣೂ ನನ್ನ ಮೇಲೆಯೇ ಇರಬೇಕು."

ಹಾಗೆಂದವಳೇ ಆಳಕ್ಕೆ ಇಳಿದು, ದೋಣಿಯ ಬಲಬದಿಗೆ ಜಿಗಿದಳು. ಮರಿ ಎಡಕ್ಕೆ ಹೋಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಬೀರಮ್ಮ ಎಡಕ್ಕೆ ತಿರುಗಿ ಕುಳಿತು ಸುಮ್ಮನೆ ಕಿವಿಗೊಟ್ಟಳು. ಕೇಳಬೇಕಾದದ್ದು ಕೇಳಿದ ಮೇಲೆಯೇ ಅವಳು ಚುಕ್ಕಾಣಿಯನ್ನು ದಡದ ಕಡೆಗೆ ತಿರುಗಿಸಿದಳು.

ಆ ಮರಿ ದೊಡ್ಡದಾಯಿತು. ಅದಕ್ಕೂ ಮರಿಯಾಯಿತು. ತಾಯಿ ಕಲಿಸಿದ ಒಂದೇ ಮಾತನ್ನು ಅದು ತನ್ನ ಮರಿಗೆ ಕಲಿಸಿತು, ಆ ಮರಿ ತನ್ನ ಮರಿಗೆ ಕಲಿಸಿತು.

ಇವತ್ತಿಗೂ ಕಾರವಾರದ ದಡದಿಂದ ಡಾಲ್ಫಿನ್ ತೋರಿಸುವ ದೋಣಿ ಹೊರಟು, ನಡುಗಡ್ಡೆಯ ಹತ್ತಿರ ದೋಣಿಯವನು ಇಂಜಿನ್ ನಿಲ್ಲಿಸಿದಾಗ, ಒಂದು ಬದಿಯಲ್ಲಿ ದೊಡ್ಡ ಡಾಲ್ಫಿನ್ ಜಿಗಿಯುತ್ತದೆ, ಎಲ್ಲರೂ ಮೊಬೈಲ್ ಹಿಡಿದು ಆ ಕಡೆಗೇ ವಾಲುತ್ತಾರೆ. ಆಗ ನೀನು ಮಾತ್ರ ಇನ್ನೊಂದು ಬದಿಗೆ ತಿರುಗಿ ಸದ್ದಿಲ್ಲದೆ ಕುಳಿತರೆ, ಕೈಯೆಟಕುವಷ್ಟು ಹತ್ತಿರದಲ್ಲಿ ಒಂದು ಪುಟ್ಟ ಮೂಗು ತೆರೆದು ಮುಚ್ಚುವ ಸದ್ದು ಕೇಳಿಸುತ್ತದೆ.